ಕಪ್ಪು ಪ್ಲಾಸ್ಟಿಕ್ ಬೇಡವೇ? ಬಿಸಿಲಿಗೆ ನಿಲ್ಲುವುದು ಬಣ್ಣವಲ್ಲ, ಒಳಗಿನ ಮಾಲು

ಎರಡು ಸುದ್ದಿಗಳು ಒಂದರ ಹಿಂದೊಂದು ಬಂದು ಜನರನ್ನು ಗೊಂದಲಕ್ಕೆ ಕೆಡವಿವೆ. ಮೊದಲನೆಯದು 2024ರ ಅಕ್ಟೋಬರಿನದು. ಕಪ್ಪು ಪ್ಲಾಸ್ಟಿಕ್ಕಿನ ಅಡುಗೆ ಸಾಮಾನುಗಳಲ್ಲಿ ವಿಷಕಾರಿ ರಾಸಾಯನಿಕ ಸಿಕ್ಕಿದೆ, ಕಪ್ಪು ಸೌಟನ್ನು ಮೊದಲು ಎಸೆಯಿರಿ ಎಂದು ಅದು ಹೇಳಿತು. ಎರಡನೆಯದು 2025ರ ಫೆಬ್ರುವರಿಯದು. ಪ್ಲಾಸ್ಟಿಕ್ಕನ್ನು ಬಿಸಿಲಿನಿಂದ ಕಾಪಾಡಲು ಬೆರೆಸುವ ಯುವಿ-328 ಎಂಬ ರಾಸಾಯನಿಕದ ಮೇಲೆ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದಿತು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೃಷಿಕರಿಗೆ ಇದು ದೂರದ ಮಾತಲ್ಲ. ಕಡೂರು, ತರೀಕೆರೆ ಕಡೆಯ ತೆಂಗು-ಅಡಿಕೆ ತೋಟಗಳಲ್ಲಿ ಹರಡಿರುವ ಡ್ರಿಪ್ ಪೈಪು ಕಪ್ಪು. ಅರಸೀಕೆರೆ ಸೀಮೆಯ ಕೃಷಿ ಹೊಂಡದ ಹಾಸು ಕಪ್ಪು. ಮೂಡಿಗೆರೆ, ಸಕಲೇಶಪುರದ ನರ್ಸರಿಗಳಲ್ಲಿ ಕಾಫಿ ಗಿಡ ಕೂರುವ ಚೀಲವೂ ಕಪ್ಪು. ಕಾಫಿ, ಮೆಣಸು ಒಣಗಿಸುವ ಟಾರ್ಪಾಲು ಮಾತ್ರ ನೀಲಿಯೋ ಹಳದಿಯೋ ಇರುತ್ತದೆ. ಅದರ ಮೇಲೆ ‘ಯುವಿ ಟ್ರೀಟೆಡ್’, ಅಂದರೆ ಬಿಸಿಲಿನ ಅತಿನೇರಳೆ (ಯುವಿ) ಕಿರಣಕ್ಕೆ ಮದ್ದು ಬೆರೆಸಿದ್ದು, ಎಂಬ ಮುದ್ರೆ ಇರುತ್ತದೆ. ಕಪ್ಪು ವಿಷ, ಯುವಿ ರಾಸಾಯನಿಕಕ್ಕೆ ನಿಷೇಧ ಎಂದಾದರೆ ಕೊಳ್ಳುವುದು ಏನನ್ನು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಪ್ಲಾಸ್ಟಿಕ್ಕಿನೊಳಗೆ ಬಣ್ಣದ ಪುಡಿ, ಸುಣ್ಣದ (ಅರೆದ ಸುಣ್ಣಕಲ್ಲಿನ) ಪುಡಿ ಮತ್ತು ಬಿಸಿಲು ಮೂರೂ ಸೇರಿ ಮಾಡುವ ಕೆಲಸವನ್ನು ನೋಡಬೇಕು.

ಸುದ್ದಿಯಲ್ಲಿ ನಿಜಕ್ಕೂ ಇದ್ದದ್ದು

ಮೊದಲ ಸುದ್ದಿಗೆ ಮೂಲವಾದ ಅಮೆರಿಕದ ಅಧ್ಯಯನ ಹುಡುಕಿದ್ದು ಬೆಂಕಿ ನಿರೋಧಕ ರಾಸಾಯನಿಕಗಳನ್ನು. ಟಿವಿ, ಕಂಪ್ಯೂಟರ್ ಮುಂತಾದ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಹೊರಕವಚಕ್ಕೆ ಬ್ರೋಮಿನ್ ಇರುವ ಇಂಥ ರಾಸಾಯನಿಕ ಬೆರೆಸುತ್ತಿದ್ದರು. ಆ ಗುಜರಿ ಪ್ಲಾಸ್ಟಿಕ್ ಕರಗಿ ಮತ್ತೆ ಸೌಟು, ಟ್ರೇ ಆಗಿ ಬಂದಾಗ ರಾಸಾಯನಿಕವೂ ಜೊತೆಗೆ ಬರುತ್ತದೆ. ಅಧ್ಯಯನದಲ್ಲಿ ಒಂದು ಲೆಕ್ಕ ತಪ್ಪಿತ್ತು. ಅಂಥ ಒಂದು ರಾಸಾಯನಿಕಕ್ಕೆ ಅಮೆರಿಕದ ಪರಿಸರ ಸಂಸ್ಥೆಯ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 7,000 ನ್ಯಾನೋಗ್ರಾಂ. 60 ಕಿಲೋ ತೂಕದವರಿಗೆ ಅದು 4,20,000 ನ್ಯಾನೋಗ್ರಾಂ ಆಗಬೇಕು. ಪ್ರಬಂಧದಲ್ಲಿ 42,000 ಎಂದು ಅಚ್ಚಾಗಿತ್ತು. ಅಂದಾಜಿಸಿದ ಸೇವನೆ 34,700. ಹೀಗಾಗಿ ಮಿತಿಯ ಹತ್ತಿರಕ್ಕೆ ಬಂದಂತೆ ಕಂಡದ್ದು ವಾಸ್ತವದಲ್ಲಿ ಮಿತಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 2024ರ ಡಿಸೆಂಬರಿನಲ್ಲಿ ತಿದ್ದುಪಡಿ ಪ್ರಕಟವಾಯಿತು. ಆದರೆ ಗುಜರಿ ಎಲೆಕ್ಟ್ರಾನಿಕ್ ಪ್ಲಾಸ್ಟಿಕ್ ಅಡುಗೆ ಸಾಮಾನಿಗೆ ಸೇರಬಾರದು ಎಂಬ ಮೂಲ ಮಾತು ತಪ್ಪಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ತೊಂದರೆ ತಂದದ್ದು ಕಪ್ಪು ಬಣ್ಣವಲ್ಲ, ಆ ಬಣ್ಣದ ಕೆಳಗೆ ಅಡಗಿದ ಗುಜರಿ ಮಾಲು. ಹತ್ತು ಬಣ್ಣದ ಗುಜರಿಯನ್ನು ಒಟ್ಟಿಗೆ ಕರಗಿಸಿದರೆ ಕೆಸರು ಬಣ್ಣ ಬರುತ್ತದೆ. ಅದನ್ನು ಮುಚ್ಚಲು ಅಗ್ಗದ ದಾರಿ ಕಪ್ಪು. ಅಂದರೆ ಮಾರುಕಟ್ಟೆಯಲ್ಲಿ ಎರಡು ಬಗೆಯ ಕಪ್ಪು ಇದೆ. ಒಂದು ಬಿಸಿಲು ತಡೆಯಲೆಂದು ಲೆಕ್ಕ ಹಾಕಿ ಬೆರೆಸಿದ್ದು, ಇನ್ನೊಂದು ಕೊಳೆ ಮುಚ್ಚಲು ಬಳಿದದ್ದು. ಕಣ್ಣಿಗೆ ಎರಡೂ ಒಂದೇ.

ಯುವಿ-328ರ ಕಥೆ ಬೇರೆ. ಅದು ಬೆಂಜೋಟ್ರಯಜೋಲ್ ಎಂಬ ಗುಂಪಿಗೆ ಸೇರಿದ, ಅತಿನೇರಳೆ ಕಿರಣವನ್ನು ಹೀರುವ ರಾಸಾಯನಿಕ. ಪರಿಸರದಲ್ಲಿ ಕರಗದೆ ಉಳಿಯುತ್ತದೆ, ಜೀವಿಗಳ ದೇಹದಲ್ಲಿ ಸೇರಿಕೊಳ್ಳುತ್ತದೆ ಎಂಬ ಕಾರಣಕ್ಕೆ 2023ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ವಾಹನದ ಭಾಗಗಳಂಥ ಕೆಲವಕ್ಕೆ ತಾತ್ಕಾಲಿಕ ವಿನಾಯಿತಿ ಇದೆ. ಪಟ್ಟಿಗೆ ಸೇರಿದ ಹೊಸ ರಾಸಾಯನಿಕ ಭಾರತದಲ್ಲಿ ತನ್ನಿಂದ ತಾನೇ ನಿಷೇಧವಾಗುವುದಿಲ್ಲ, ಸರ್ಕಾರ ಪ್ರತ್ಯೇಕವಾಗಿ ಒಪ್ಪಬೇಕು. ನಿಷೇಧ ಈ ಒಂದು ರಾಸಾಯನಿಕಕ್ಕೆ ಮಾತ್ರ. ಬಿಸಿಲು ತಡೆಯುವ ಉಳಿದ ಯಾವ ದಾರಿಯೂ ಇದರಿಂದ ಮುಚ್ಚಿಲ್ಲ.

ಬಿಸಿಲು ಪ್ಲಾಸ್ಟಿಕ್ಕನ್ನು ಹೇಗೆ ಮುರಿಯುತ್ತದೆ

ಪ್ಲಾಸ್ಟಿಕ್ ಎಂದರೆ ಇಂಗಾಲದ ಉದ್ದುದ್ದ ಸರಪಳಿಗಳು. ನೆಲಕ್ಕೆ ತಲುಪುವ ಬಿಸಿಲಿನಲ್ಲಿ 290ರಿಂದ 400 ನ್ಯಾನೋಮೀಟರ್‌ವರೆಗಿನ ಅತಿನೇರಳೆ ಕಿರಣಗಳಿರುತ್ತವೆ. 300 ನ್ಯಾನೋಮೀಟರಿನ ಕಿರಣದ ಶಕ್ತಿ ಮೋಲ್‌ಗೆ ಸುಮಾರು 400 ಕಿಲೋಜೂಲ್; ಇಂಗಾಲ-ಇಂಗಾಲದ ಕೊಂಡಿ ಕಡಿಯಲು ಸುಮಾರು 350 ಸಾಕು. ಶುದ್ಧ ಪಾಲಿಥೀನ್ ಈ ಕಿರಣವನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಕಾರ್ಖಾನೆಯಲ್ಲಿ ಬಿಸಿ ಮಾಡಿ ಎಳೆಯುವಾಗ ಆಮ್ಲಜನಕ ತಾಗಿ ಹುಟ್ಟಿದ ಪೆರಾಕ್ಸೈಡ್, ಕಾರ್ಬೊನಿಲ್ ಗುಂಪುಗಳು ಹೀರುತ್ತವೆ. ಅಲ್ಲಿ ಕೊಂಡಿ ಕಡಿದು, ಸಿಕ್ಕಿದ್ದರ ಜೊತೆ ಬೆಸೆಯಲು ಹವಣಿಸುವ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ, ಅದಕ್ಕೆ ಗಾಳಿಯ ಆಮ್ಲಜನಕ ಸೇರಿ ಹೊಸ ಪೆರಾಕ್ಸೈಡ್ ಆಗುತ್ತದೆ, ಅದು ಒಡೆದು ಇನ್ನಷ್ಟು ರ‍್ಯಾಡಿಕಲ್ ಹುಟ್ಟಿಸುತ್ತದೆ. ಒಮ್ಮೆ ಶುರುವಾದರೆ ತಾನೇ ಬೆಳೆಯುವ ಕ್ರಿಯೆ ಇದು. ಸರಪಳಿಗಳು ಚಿಕ್ಕದಾದಷ್ಟೂ ಪ್ಲಾಸ್ಟಿಕ್ ಎಳೆತ ಕಳೆದುಕೊಂಡು ಹಪ್ಪಳದಂತೆ ಮುರಿಯತೊಡಗುತ್ತದೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಗೊಬ್ಬರದ ಚೀಲ, ಶಾಮಿಯಾನದವರ ಕುರ್ಚಿ, ಹಗ್ಗಗಳಲ್ಲಿರುವ ಪಾಲಿಪ್ರೊಪಿಲೀನ್ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲ ಹೈಡ್ರೋಜನ್ನನ್ನು ಸುಲಭವಾಗಿ ಬಿಟ್ಟುಕೊಡುವಂಥದ್ದು. ಪಿವಿಸಿ ಬೇರೆ ದಾರಿ ಹಿಡಿಯುತ್ತದೆ. ಅದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾ ಮೊದಲು ಹಳದಿ, ಆಮೇಲೆ ಕಂದು ಆಗುತ್ತದೆ.

ನಮ್ಮ ಎರಡು ಜಿಲ್ಲೆಗಳಿಗೆ ಇಲ್ಲಿ ಒಂದು ವಿಶೇಷವಿದೆ. ಹಾಸನ, ಚಿಕ್ಕಮಗಳೂರು ಪಟ್ಟಣಗಳೆರಡೂ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿದೆ ಎಂದು ಬಿಸಿಲು ಸೌಮ್ಯ ಎಂದುಕೊಳ್ಳುವಂತಿಲ್ಲ. 13 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ. ಆಗಸ್ಟಿನಲ್ಲಿ ಮಲೆನಾಡಿಗೆ ಮೋಡದ ಹೊದಿಕೆ ಇರುತ್ತದೆ, ಏಪ್ರಿಲಿನಲ್ಲಿ ಇರುವುದಿಲ್ಲ. ಕಾಫಿ, ಮೆಣಸು ಒಣಗಿಸುವ ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳೂ ಮೋಡವಿಲ್ಲದವೇ. ಹಾಗಾಗಿ ಟಾರ್ಪಾಲು ಹೊರಗಿರುವ ಕಾಲವೆಲ್ಲ ಪೂರ್ಣ ಬಿಸಿಲಿನ ಕಾಲ.

ಕಾರ್ಬನ್ ಬ್ಲ್ಯಾಕ್: ಎರಡೂವರೆ ಪರ್ಸೆಂಟಿನ ಲೆಕ್ಕ

ಬಿಸಿಲಿನಿಂದ ಪಾಲಿಥೀನನ್ನು ಕಾಪಾಡುವ ಪುಡಿಗಳಲ್ಲಿ ಕಾರ್ಬನ್ ಬ್ಲ್ಯಾಕಿಗೆ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಇಂಗಾಲದ ಮಸಿಗೆ, ಸಾಟಿ ಇನ್ನೊಂದಿಲ್ಲ. ಅದು ಅತಿನೇರಳೆ ಕಿರಣವನ್ನು ಮೇಲ್ಪದರದಲ್ಲೇ ಹೀರಿ ಶಾಖವಾಗಿ ಬಿಡುತ್ತದೆ. ಜೊತೆಗೆ ಹುಟ್ಟಿದ ರ‍್ಯಾಡಿಕಲ್‌ಗಳನ್ನೂ ಹಿಡಿದು ನಿಲ್ಲಿಸುತ್ತದೆ. ಆದರೆ ಇದು ನಡೆಯಬೇಕಾದರೆ ಮೂರು ಷರತ್ತು ಕೂಡಿಬರಬೇಕು: ಪ್ರಮಾಣ, ಕಣದ ಗಾತ್ರ, ಹರಡುವಿಕೆ.

ಪ್ರಮಾಣದ ವಿಷಯದಲ್ಲಿ ಭಾರತೀಯ ಮಾನಕಗಳು ಖಚಿತವಾಗಿವೆ. ಕುಡಿಯುವ ನೀರಿನ, ಹೆಚ್ಚು ಸಾಂದ್ರ ಪಾಲಿಥೀನ್ ಆದ ಎಚ್‌ಡಿಪಿಇ ಪೈಪಿನ ಐಎಸ್ 4984, ಡ್ರಿಪ್ ಲ್ಯಾಟರಲ್ ಪೈಪಿನ ಐಎಸ್ 12786 ಎರಡರಲ್ಲೂ ಕಾರ್ಬನ್ ಬ್ಲ್ಯಾಕ್ ತೂಕದಲ್ಲಿ ಶೇ 2.5 ಇರಬೇಕು, ಅರ್ಧ ಪರ್ಸೆಂಟ್ ಅತ್ತಿತ್ತ ಆಗಬಹುದು. ಶೇ 2ಕ್ಕಿಂತ ಕಡಿಮೆಯಾದರೆ ರಕ್ಷಣೆ ಕುಸಿಯುತ್ತದೆ. ಶೇ 3 ದಾಟಿದರೆ ರಕ್ಷಣೆ ಹೆಚ್ಚುವುದು ಅತ್ಯಲ್ಪ, ಪೈಪಿನ ಬಾಗುವ ಗುಣಕ್ಕೆ ಪೆಟ್ಟು ಬೀಳುತ್ತದೆ.

ಮೋಸ ನಡೆಯುವುದೂ ಇಲ್ಲೇ. ಕಣ್ಣಿಗೆ ಗಾಢ ಕಪ್ಪು ಕಾಣಲು ಎರಡೂವರೆ ಪರ್ಸೆಂಟ್ ಬೇಕಿಲ್ಲ, ಒಂದು ಪರ್ಸೆಂಟಿಗಿಂತ ಕಡಿಮೆಯೂ ಸಾಕು. ಕಾರ್ಖಾನೆಯವರು ಪುಡಿಯನ್ನು ನೇರವಾಗಿ ಹಾಕುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮೊದಲೇ ಬೆರೆಸಿದ ಮಾಸ್ಟರ್‌ಬ್ಯಾಚ್ ಎಂಬ ಕಾಳು ಹಾಕುತ್ತಾರೆ. ಅದರಲ್ಲಿ ಶೇ 40 ಕಾರ್ಬನ್ ಇದ್ದರೆ 100 ಕಿಲೋ ಮಾಲಿಗೆ 6 ಕಿಲೋ 250 ಗ್ರಾಂ ಹಾಕಬೇಕು. 2 ಕಿಲೋ ಹಾಕಿದರೂ ಪೈಪು ಕಪ್ಪಾಗಿಯೇ ಬರುತ್ತದೆ, ಆದರೆ ಕಾರ್ಬನ್ ಇರುವುದು ಶೇ 0.8. ಅಗ್ಗದ ಮಾಸ್ಟರ್‌ಬ್ಯಾಚಿನಲ್ಲಿ ಕಾರ್ಬನ್ನಿನ ಜಾಗವನ್ನು ಸುಣ್ಣದ ಪುಡಿ ಹಿಡಿದಿದ್ದರೆ ಇನ್ನೂ ಕಡಿಮೆ.

ಗಾತ್ರದ ಮಾತಿಗೆ ಬಂದರೆ, 20-25 ನ್ಯಾನೋಮೀಟರಿನ ಸಣ್ಣ ಕಣಗಳು ಒಳ್ಳೆಯ ರಕ್ಷಕರು. ತೂಕ ಅಷ್ಟೇ ಇದ್ದರೂ ಕಿರಣಕ್ಕೆ ಎದುರಾಗುವ ಮೇಲ್ಮೈ ಹೆಚ್ಚು. 60 ನ್ಯಾನೋಮೀಟರ್ ಮೀರಿದ ಒರಟು ಮಸಿ ಬಣ್ಣ ಕೊಡುತ್ತದೆ, ಅಷ್ಟು ಕಾವಲು ಕೊಡುವುದಿಲ್ಲ. ಸಣ್ಣ ಕಣಗಳ ಕಷ್ಟವೆಂದರೆ ಅವು ಗಂಟು ಕಟ್ಟುತ್ತವೆ. ಗಂಟಿನ ಸುತ್ತ ಕಾರ್ಬನ್ ಇಲ್ಲದ ಕಿಂಡಿ ಉಳಿಯುತ್ತದೆ, ಬಿಸಿಲು ಅಲ್ಲಿಂದ ಒಳನುಗ್ಗುತ್ತದೆ. ಗಂಟೇ ಪೈಪಿನ ದುರ್ಬಲ ಜಾಗವಾಗಿ, ನೀರಿನ ಒತ್ತಡಕ್ಕೆ ಬಿರುಕು ಅಲ್ಲಿಂದ ಶುರುವಾಗುತ್ತದೆ. ಮಸಿ ತೇವವನ್ನೂ ಹೀರುತ್ತದೆ. ಮಾಸ್ಟರ್‌ಬ್ಯಾಚನ್ನು ಒಣಗಿಸದೆ ಯಂತ್ರಕ್ಕೆ ಸುರಿದರೆ ಪೈಪಿನ ಗೋಡೆಯಲ್ಲಿ ಗುಳ್ಳೆ ಬೀಳುತ್ತವೆ.

ಬಿಳಿ: ಒಂದೇ ಹೆಸರಿನ ಎರಡು ಪುಡಿ

ಬಿಳಿ ಬಣ್ಣಕ್ಕೆ ಬಳಸುವುದು ಟೈಟಾನಿಯಂ ಡೈಆಕ್ಸೈಡ್. ಅದರಲ್ಲಿ ರುಟೈಲ್, ಅನಟೇಸ್ ಎಂಬ ಎರಡು ಹರಳು ರೂಪಗಳಿವೆ. ಎರಡನ್ನೂ ನಮ್ಮ ಪಕ್ಕದ ಕೇರಳದಲ್ಲೇ ಸರ್ಕಾರಿ ಕಂಪನಿಗಳು ತಯಾರಿಸುತ್ತವೆ: ರುಟೈಲ್ ಕೊಲ್ಲಂ ಜಿಲ್ಲೆಯ ಚವರದಲ್ಲಿ, ಅನಟೇಸ್ ತಿರುವನಂತಪುರದಲ್ಲಿ. ಎರಡೂ ಅತಿನೇರಳೆ ಕಿರಣವನ್ನು ಹೀರುತ್ತವೆ. ಹೀರಿದ ಮೇಲಿನ ನಡತೆ ಬೇರೆ. ಅನಟೇಸ್ ಆ ಶಕ್ತಿಯಿಂದ ಗಾಳಿಯ ತೇವ ಮತ್ತು ಆಮ್ಲಜನಕವನ್ನು ಕೆರಳಿಸಿ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅಂದರೆ ಕಾಯಬೇಕಾದ ಪುಡಿಯೇ ಸುತ್ತಲಿನ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೇಲ್ಪದರ ಸವೆದು ಪುಡಿ ಹೊರಬರುತ್ತದೆ, ಕೈಯಿಟ್ಟರೆ ಬಿಳಿ ಅಂಟುತ್ತದೆ. ರುಟೈಲಿನಲ್ಲಿ ಈ ಕೆರಳಿಕೆ ಬಹಳ ಕಡಿಮೆ. ಅಲ್ಯುಮಿನಾ, ಸಿಲಿಕಾದ ತೆಳು ಲೇಪ ಕೊಟ್ಟ ರುಟೈಲಿನಲ್ಲಿ ಇನ್ನೂ ಕಡಿಮೆ. ಹೊರಾಂಗಣದ ಸಾಮಾನಿಗೆ ಅನಟೇಸ್ ಸಲ್ಲದು. ಅದು ಅಗ್ಗ ಎಂಬ ಒಂದೇ ಕಾರಣಕ್ಕೆ ಬಳಕೆಯಾಗುತ್ತದೆ.

ಹೊಲದ ಪಿವಿಸಿ ಪೈಪುಗಳ ತೊಂದರೆ ಇದಕ್ಕೆ ಹತ್ತಿರದ್ದು. ಮಣ್ಣಿನೊಳಗೆ ಹೂಳುವ ಪೈಪು ಎಂಬ ಲೆಕ್ಕದಲ್ಲಿ 100 ಭಾಗ ಪಿವಿಸಿಗೆ 1-2 ಭಾಗ ಟೈಟಾನಿಯಂ ಹಾಕಿರುತ್ತಾರೆ. ಬಿಸಿಲಲ್ಲೇ ಇರುವ ಪಿವಿಸಿ ಕಿಟಕಿ ಚೌಕಟ್ಟಿಗೆ ಇದರ ಹಲವು ಪಟ್ಟು ಹಾಕುತ್ತಾರೆ. ಹೂಳಬೇಕಾದ ಪೈಪನ್ನು ಬೋರ್‌ವೆಲ್ಲಿನಿಂದ ತೊಟ್ಟಿಯವರೆಗೆ ನೆಲದ ಮೇಲೆಯೇ ಎಳೆದರೆ ಬಿಸಿಲು ತಾಗಿದ ಬದಿ ಕಂದಾಗುತ್ತದೆ, ಕಲ್ಲು ತಗುಲಿದರೆ ಸೀಳುತ್ತದೆ.

ನೀಲಿ, ಹಸಿರು, ಹಳದಿ

ಬಣ್ಣ ಮಾಸದಿರುವುದು ಬೇರೆ, ಪ್ಲಾಸ್ಟಿಕ್ ಉಳಿಯುವುದು ಬೇರೆ. ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಬಹಳ ಹಣ ಹಾಳಾಗುತ್ತದೆ. ಟಾರ್ಪಾಲಿನ ನೀಲಿಗೂ ಶೇಡ್ ನೆಟ್ಟಿನ ಹಸಿರಿಗೂ ಸಾಮಾನ್ಯವಾಗಿ ಬಳಸುವ ಥಾಲೋಸಯನಿನ್ ಪುಡಿ ಬಹು ಗಟ್ಟಿ, ವರ್ಷಗಟ್ಟಲೆ ಬಿಸಿಲಲ್ಲಿದ್ದರೂ ಬಣ್ಣ ಬಿಡುವುದಿಲ್ಲ. ಆದರೆ ಟಾರ್ಪಾಲಿನಲ್ಲಿ ಹಾಕುವ ಅಲ್ಪ ಪ್ರಮಾಣದಲ್ಲಿ ಅದು ಅತಿನೇರಳೆ ಕಿರಣವನ್ನು ಪೂರ್ತಿ ತಡೆಯಲಾರದು. ಹೀಗಾಗಿ ನೀಲಿ ಹಾಗೇ ಹೊಳೆಯುತ್ತಿರುವಾಗಲೇ ಬಟ್ಟೆ ಮಡಿಕೆಯಲ್ಲಿ ಹರಿಯುತ್ತದೆ. ಹಳದಿ, ಕೆಂಪಿನ ಕೆಲವು ಅಗ್ಗದ ಸಾವಯವ ಪುಡಿಗಳದು ತದ್ವಿರುದ್ಧ ಕಥೆ: ಪ್ಲಾಸ್ಟಿಕ್ ಗಟ್ಟಿಯಿರುವಾಗಲೇ ಬಣ್ಣ ಹಾರಿಹೋಗುತ್ತದೆ. ಅದೇ ಪುಡಿಗೆ ಬಿಳಿ ಬೆರೆಸಿ ತಿಳಿ ಬಣ್ಣ ಮಾಡಿದರೆ ಇನ್ನೂ ಬೇಗ ಮಾಸುತ್ತದೆ. ಕೆಮ್ಮಣ್ಣಿನ ಬಣ್ಣದ ಐರನ್ ಆಕ್ಸೈಡ್ ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರುತ್ತದೆ, ಪಾಲಿಥೀನಿಗೆ ಒಳ್ಳೆಯದು.

ಟಾರ್ಪಾಲಿನ ರಚನೆಯನ್ನೂ ನೋಡಬೇಕು. ನಡುವೆ ಎಚ್‌ಡಿಪಿಇ ಪಟ್ಟಿಗಳ ನೇಯ್ಗೆ, ಎರಡು ಕಡೆಯೂ ಕಡಿಮೆ ಸಾಂದ್ರ ಪಾಲಿಥೀನ್ ಆದ ಎಲ್‌ಡಿಪಿಇಯ ತೆಳು ಲೇಪ. ಬಿಸಿಲು ತಡೆಯುವ ಮದ್ದು ಲೇಪದಲ್ಲಿ ಮಾತ್ರ ಇದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ, ಲೇಪ ಸವೆದ ಮೇಲೆ ನೇಯ್ಗೆ ಬೇಗ ಎಳೆ ಬಿಡುತ್ತದೆ. ಮೊದಲು ಮಡಿಕೆಗಳಲ್ಲಿ ಲೇಪ ಉದುರುತ್ತದೆ, ಆಮೇಲೆ ನೀರು ಜಿನುಗುತ್ತದೆ, ಕೊನೆಗೆ ಪಟ್ಟಿ ನಾರುನಾರಾಗಿ ಒಣಗುತ್ತಿರುವ ಕಾಫಿಯೊಳಗೆ ಸೇರುತ್ತದೆ. ಈ ಕೊನೆಯ ಹಂತಕ್ಕೆ ಬಂದ ಟಾರ್ಪಾಲಿನ ಮೇಲೆ ಕಾಫಿಯನ್ನಾಗಲಿ ಮೆಣಸನ್ನಾಗಲಿ ಹರಡಬಾರದು. ಬೀಜದ ನಡುವೆ ಸೇರಿದ ನೂಲನ್ನು ಆರಿಸಿ ತೆಗೆಯುವುದು ಅಸಾಧ್ಯ.

ಸುಣ್ಣದ ಪುಡಿ ಮಾಡುವ ಅನಾಹುತ, ಮಾಡದ ಅನಾಹುತ

ಫಿಲ್ಲರ್ ಎಂದು ಕಾರ್ಖಾನೆಯವರು ಕರೆಯುವುದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಅರೆದ ಸುಣ್ಣಕಲ್ಲು. ಇದನ್ನು ಕಲಬೆರಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ನೇಯ್ಗೆಯ ಪಟ್ಟಿ ಉದ್ದಕ್ಕೆ ಸೀಳದಂತೆ ಕೆಲವು ಪರ್ಸೆಂಟ್ ಹಾಕುವುದು ಸರಿಯಾದ ವಿಧಾನ. ಪಿವಿಸಿಯಲ್ಲಿ ಮಿತವಾಗಿದ್ದರೆ ಪೈಪು ಗಡಸಾಗುತ್ತದೆ, ಹೊರಬೀಳುವ ಆಮ್ಲವನ್ನೂ ಅದು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ.

ಬಿಸಿಲಿನ ಲೆಕ್ಕದಲ್ಲಿ ಮಾತ್ರ ಅದರಿಂದ ಲಾಭವಿಲ್ಲ. ಸುಣ್ಣಕಲ್ಲಿನ ಪುಡಿ ಬೆಳ್ಳಗೆ ಕಂಡರೂ ಅತಿನೇರಳೆ ಕಿರಣವನ್ನು ಹೀರುವುದಿಲ್ಲ, ಚದುರಿಸುತ್ತದಷ್ಟೇ. ಪ್ಲಾಸ್ಟಿಕ್ಕು ಅದನ್ನು ಗಟ್ಟಿಯಾಗಿ ಅಂಟಿ ಹಿಡಿಯುವುದಿಲ್ಲ. ಎಳೆದಾಗ ಕಣದ ಸುತ್ತ ಸಣ್ಣ ಪೊಳ್ಳು ಬೀಳುತ್ತದೆ, ಆಮ್ಲಜನಕ ಒಳಹೋಗಲು ಅದೇ ದಾರಿ. ಕಲ್ಲಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅದು ಪೆರಾಕ್ಸೈಡ್ ಒಡೆಯುವುದನ್ನು ಚುರುಕುಗೊಳಿಸುತ್ತದೆ. ಟಾಲ್ಕ್, ಜೇಡಿ ಮಣ್ಣಿನಂಥ ಫಿಲ್ಲರ್‌ಗಳಲ್ಲಿ ಈ ದೋಷ ಹೆಚ್ಚು. ಅವು ಪ್ಲಾಸ್ಟಿಕ್ಕಿಗೆಂದು ಹಾಕಿದ ಬಿಸಿಲು ನಿರೋಧಕ ಮದ್ದನ್ನು ತಮ್ಮ ಮೇಲ್ಮೈಗೆ ಅಂಟಿಸಿಕೊಂಡು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಫಿಲ್ಲರ್ ಹೆಚ್ಚಿಸಿದಾಗ ಮದ್ದನ್ನೂ ಹೆಚ್ಚಿಸಬೇಕು. ಖರ್ಚು ಉಳಿಸಲೆಂದೇ ಫಿಲ್ಲರ್ ಹಾಕುವವರು ಇದನ್ನು ಮಾಡುವುದು ಅಪರೂಪ.

ಇನ್ನೊಂದು ನಷ್ಟ ತೂಕದ್ದು. ಟಾರ್ಪಾಲು ಮಾರಾಟವಾಗುವುದು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಪಾಲಿಥೀನಿನ ಸಾಂದ್ರತೆ 0.93ರ ಸುಮಾರು, ಸುಣ್ಣಕಲ್ಲಿನದು 2.7 (ನೀರಿನದು 1). 200 ಜಿಎಸ್‌ಎಂನ ಶುದ್ಧ ಹಾಳೆ ಸುಮಾರು 215 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ತೂಕದ ಶೇ 20 ಸುಣ್ಣದ ಪುಡಿ ಇದ್ದರೆ ದಪ್ಪ 187 ಮೈಕ್ರಾನಿಗೆ ಇಳಿಯುತ್ತದೆ, ಪ್ಲಾಸ್ಟಿಕ್ ಇರುವುದು 160 ಗ್ರಾಂ ಮಾತ್ರ. ತಕ್ಕಡಿಯಲ್ಲಿ ಎರಡೂ ಸಮ. ಹೆಚ್ಚು ತೂಗಿದರೆ ಹೆಚ್ಚು ಬಾಳಿಕೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಝಿಂಕ್ ಆಕ್ಸೈಡ್ ವಿಚಿತ್ರ ಉದಾಹರಣೆ. ಪಾಲಿಥೀನಿನಲ್ಲಿ ಅದು ಸುಮಾರು 380 ನ್ಯಾನೋಮೀಟರ್‌ವರೆಗಿನ ಕಿರಣ ಹೀರುವ ಒಳ್ಳೆಯ ಕಾವಲುಗಾರ. ಪಿವಿಸಿಯಲ್ಲಿ ಅದೇ ಝಿಂಕ್, ಹೊರಬಂದ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿ ಝಿಂಕ್ ಕ್ಲೋರೈಡ್ ಆಗಿ ಪ್ಲಾಸ್ಟಿಕ್ಕನ್ನು ಕಪ್ಪಾಗಿಸುವಷ್ಟು ಬೇಗ ಕೆಡಿಸುತ್ತದೆ. ಯಾವ ಪುಡಿ ಒಳ್ಳೆಯದು ಎಂಬ ಪ್ರಶ್ನೆಗೆ ಯಾವ ಪ್ಲಾಸ್ಟಿಕ್ಕಿಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು.

‘ಯುವಿ ಟ್ರೀಟೆಡ್’ ಎಂದರೆ ಎಷ್ಟು?

ಕಪ್ಪಲ್ಲದ ಸಾಮಾನಿಗೆ ಎರಡು ಬಗೆಯ ಮದ್ದು ಬಳಸುತ್ತಾರೆ. ಯುವಿ-328ರಂಥವು ಕಿರಣವನ್ನು ಹೀರುತ್ತವೆ. ದಪ್ಪ ಗೋಡೆಯ ಸಾಮಾನಿನಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ತೆಳು ಹಾಳೆಯಲ್ಲಿ ಕಿರಣ ಹಾದುಹೋಗುವ ದಾರಿಯೇ ಚಿಕ್ಕದಾದ್ದರಿಂದ ಹೀರುವುದು ಸ್ವಲ್ಪ. ಹಾಲ್ಸ್ ಎಂದು ಕರೆಯುವ ಇನ್ನೊಂದು ಬಗೆ ಕಿರಣವನ್ನು ಮುಟ್ಟುವುದಿಲ್ಲ, ಹುಟ್ಟಿದ ರ‍್ಯಾಡಿಕಲ್ಲನ್ನು ಹಿಡಿದು ಆರಿಸಿ ಮತ್ತೆ ತಾನು ಮೊದಲಿನಂತಾಗುತ್ತದೆ. ಹಾಗಾಗಿ ಟಾರ್ಪಾಲು, ಶೇಡ್ ನೆಟ್, ಪಾಲಿಹೌಸ್ ಹಾಳೆಗಳ ಬೆನ್ನೆಲುಬು ಹಾಲ್ಸ್. ಶೇ 0.2ರಿಂದ 0.5ರಷ್ಟು ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಅಂಗಡಿಯವರು ‘ಒಂದು ಪರ್ಸೆಂಟ್ ಯುವಿ ಹಾಕಿದೆ’ ಎಂದರೆ ಅದು ಮಾಸ್ಟರ್‌ಬ್ಯಾಚಿನ ಲೆಕ್ಕ. ಆ ಮಾಸ್ಟರ್‌ಬ್ಯಾಚಿನಲ್ಲಿ ಮದ್ದು ಶೇ 10 ಇದ್ದರೆ ಹಾಳೆಯಲ್ಲಿರುವುದು ಶೇ 0.1.

ಹಾಲ್ಸ್‌ಗೆ ಆಮ್ಲ ಆಗದು. ಪಾಲಿಹೌಸಿನೊಳಗೆ ಬೂದಿರೋಗಕ್ಕೆ ಗಂಧಕ ಬಳಸಿದರೆ ಅದರಿಂದ ಹುಟ್ಟುವ ಆಮ್ಲ ಹಾಲ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ಕ್ಲೋರಿನ್ ಇರುವ ಕೀಟನಾಶಕಗಳೂ ಹಾಗೆಯೇ. ಪಾಲಿಹೌಸಿನ ಹಾಳೆ ಕಬ್ಬಿಣದ ಕಮಾನಿಗೆ ತಾಗಿದ ಕಡೆ ಮೊದಲು ಹರಿಯುವುದು ಕಾದ ಲೋಹದಿಂದ. ತಾಪ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಕಮಾನಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಹೊಡೆದರೆ ಈ ನಷ್ಟ ಕಡಿಮೆ.

ಮಲೆನಾಡಿನವರು ನೆನಪಿಡಬೇಕಾದದ್ದು ಬೋರ್ಡೋ ದ್ರಾವಣ. ಕಾಫಿಯ ಎಲೆ ತುಕ್ಕಿಗೆ ಅರ್ಧ ಪರ್ಸೆಂಟ್, ಅಡಿಕೆಯ ಕೊಳೆರೋಗಕ್ಕೆ ಒಂದು ಪರ್ಸೆಂಟಿನದು ಇಲ್ಲಿ ಮಾಮೂಲು. ಅದರಲ್ಲಿರುವ ತಾಮ್ರ ಪೆರಾಕ್ಸೈಡನ್ನು ಒಡೆಯುವಲ್ಲಿ ಕಬ್ಬಿಣಕ್ಕಿಂತ ಹಿಂದೆ ಬಿದ್ದಿಲ್ಲ. ಸಿಂಪಡಣೆಗೆ ಬಳಸಿದ ಪೈಪು, ಡ್ರಮ್ಮು, ದ್ರಾವಣ ಬಿದ್ದ ಟಾರ್ಪಾಲನ್ನು ಅಂದೇ ನೀರಿನಲ್ಲಿ ತೊಳೆದಿಡಬೇಕು. ತಾಮ್ರ ಅಂಟಿದ ಪ್ಲಾಸ್ಟಿಕ್ಕನ್ನು ಬಿಸಿಲಲ್ಲಿ ಒಣಗಲು ಬಿಟ್ಟರೆ ಎಂಥ ಮದ್ದಿದ್ದರೂ ಆಯುಸ್ಸು ಇಳಿಯುತ್ತದೆ.

ಯಾರ ವಾದ ಏನು

ಕಪ್ಪು ಬೇಡ ಎನ್ನುವ ಪರಿಸರವಾದಿಗಳ ಬಳಿ ಸೌಟಿನ ಸುದ್ದಿಗಿಂತ ಬಲವಾದ ಇನ್ನೊಂದು ಕಾರಣವಿದೆ. ಮರುಬಳಕೆ ಘಟಕಗಳಲ್ಲಿ ಪ್ಲಾಸ್ಟಿಕ್ಕನ್ನು ವಿಂಗಡಿಸುವ ಯಂತ್ರಗಳು ಅವಕೆಂಪು ಬೆಳಕು ಹಾಯಿಸಿ ಗುರುತಿಸುತ್ತವೆ. ಕಾರ್ಬನ್ ಬ್ಲ್ಯಾಕ್ ಆ ಬೆಳಕನ್ನೂ ನುಂಗುವುದರಿಂದ ಕಪ್ಪು ಸಾಮಾನು ಯಂತ್ರಕ್ಕೆ ಕಾಣುವುದೇ ಇಲ್ಲ. ಒಮ್ಮೆ ಬಳಸಿ ಎಸೆಯುವ ಊಟದ ಡಬ್ಬಿ ಕಪ್ಪಾಗಿರಬೇಕಾದ ಅಗತ್ಯ ಯಾವುದೂ ಇಲ್ಲ. ಅಲ್ಲಿ ಅವರ ವಾದ ಸರಿ. ಆದರೆ ವರ್ಷಗಟ್ಟಲೆ ಬಿಸಿಲಲ್ಲಿರಬೇಕಾದ ಪೈಪಿಗೂ ಅದೇ ಮಾತನ್ನು ಅನ್ವಯಿಸಿದರೆ ಬೇಗ ಮುರಿದು ಮಣ್ಣು ಸೇರುವ ಪ್ಲಾಸ್ಟಿಕ್ಕೇ ಹೆಚ್ಚಾಗುತ್ತದೆ.

ತಯಾರಕರಲ್ಲಿ ಒಂದು ಗುಂಪು ಬಣ್ಣ ಯಾವುದಾದರೂ ಹಾಲ್ಸ್ ಸಾಕು ಎನ್ನುತ್ತದೆ. ಪ್ರಮಾಣ ಸರಿಯಿದ್ದರೆ ಇದು ಒಪ್ಪತಕ್ಕ ಮಾತು, ಆದರೆ ಹಾಲ್ಸ್ ದುಬಾರಿ. ದರ ಇಳಿಸುವ ಪೈಪೋಟಿಯಲ್ಲಿ ಕಣ್ಣಿಗೆ ಕಾಣದ ಮದ್ದಿಗೇ ಮೊದಲು ಕತ್ತರಿ ಬೀಳುತ್ತದೆ. ಪ್ರಯೋಗಾಲಯದಲ್ಲಿ ಎರಡು ಸಾವಿರ ಗಂಟೆ ತಾಳಿದೆ ಎಂಬ ಪ್ರಮಾಣಪತ್ರವನ್ನು ಇಷ್ಟು ವರ್ಷ ಎಂದು ಬದಲಾಯಿಸಿ ಓದುವುದೂ ಸಲ್ಲದು. ಕೆಲವು ಯಂತ್ರಗಳ ದೀಪದಲ್ಲಿ ಬಿಸಿಲಿನಲ್ಲಿಲ್ಲದ, 290 ನ್ಯಾನೋಮೀಟರಿಗಿಂತ ಕೆಳಗಿನ ಕಿರಣವೂ ಇರುತ್ತದೆ. ಅಲ್ಲಿ ಗೆದ್ದ ಬಣ್ಣ ಹೊಲದಲ್ಲಿ ಸೋಲಬಹುದು.

ಮುಂದೇನು

ಪ್ಯಾಕಿಂಗ್ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯ ಮಾಲು ಕಡ್ಡಾಯವಾಗಿ ಸೇರಿರಬೇಕು ಎಂಬ ಕೇಂದ್ರದ ನಿಯಮ ಗಟ್ಟಿ ಡಬ್ಬಿ, ಬಾಟಲಿಗಳಿಗೆ 2025-26ರ ಶೇ 30ರಿಂದ 2028-29ಕ್ಕೆ ಶೇ 60ಕ್ಕೆ ಏರುವಂತೆ ಗುರಿ ಇಟ್ಟಿದೆ. ಅದರಿಂದ ಶುದ್ಧವಾದ, ತಿಳಿ ಬಣ್ಣದ ಗುಜರಿಗೆ ಬೇಡಿಕೆ ಏರುತ್ತದೆ. ಯಾರಿಗೂ ಬೇಡವಾಗಿ ಉಳಿಯುವ ಬೆರಕೆ ಗುಜರಿ ಕಪ್ಪಾಗಿ ಕೃಷಿ ಸಾಮಾನಿನ ಕಡೆ ಹರಿಯುವ ಸಾಧ್ಯತೆ ಹೆಚ್ಚು. ಹಳೆಯ ಪ್ಲಾಸ್ಟಿಕ್ ಆಗಲೇ ಬಿಸಿಲುಂಡು, ಕರಗಿ, ಪೆರಾಕ್ಸೈಡ್ ತುಂಬಿಕೊಂಡಿರುತ್ತದೆ. ಅದಕ್ಕೆ ಹೊಸ ಮಾಲಿಗಿಂತ ಹೆಚ್ಚು ಮದ್ದು ಬೇಕು, ಸಿಗುವುದು ಕಡಿಮೆ.

ಪರಿಣಾಮ ಕೊನೆಗೆ ಮಣ್ಣಿಗೆ. ತರಕಾರಿ ಸಾಲಿಗೆ ಹಾಸುವ 25-30 ಮೈಕ್ರಾನಿನ ಮಲ್ಚಿಂಗ್ ಹಾಳೆ ಗಟ್ಟಿಯಿದ್ದರೆ ಬೆಳೆ ಮುಗಿದ ಮೇಲೆ ಸುತ್ತಿ ತೆಗೆಯಬಹುದು. ಬಿಸಿಲಿಗೆ ಒಡೆದಿದ್ದರೆ ಉಳುಮೆಯಲ್ಲಿ ಚೂರಾಗಿ ಸೇರಿಹೋಗುತ್ತದೆ, ಅದನ್ನು ಮತ್ತೆ ಹೆಕ್ಕಲಾಗದು. ಕೃಷಿ ಹೊಂಡದಲ್ಲಿ ನೀರಿನ ಕೆಳಗಿನ ಹಾಸು ಉಳಿದು, ನೀರಿನ ಮಟ್ಟಕ್ಕಿಂತ ಮೇಲೆ ಬಿಸಿಲಿಗೆ ತೆರೆದ ಪಟ್ಟಿ ಮೊದಲು ಬಿರುಕು ಬಿಡುತ್ತದೆ. ಮುಂದಿನ ಮಳೆಗೆ ಹೊಂಡ ಆ ಮಟ್ಟಕ್ಕಿಂತ ಮೇಲೆ ತುಂಬುವುದೇ ಇಲ್ಲ. ಹಾಸಿನ ಅಂಚನ್ನು ದಂಡೆಯ ಚರಂಡಿಯಲ್ಲಿ ಹೂತು, ತೆರೆದ ಪಟ್ಟಿಯ ಮೇಲೆ ಶೇಡ್ ನೆಟ್ ಇಳಿಬಿಟ್ಟರೆ ಈ ಬಿರುಕನ್ನು ಬಹಳ ಮುಂದೂಡಬಹುದು.

ಕೊಳ್ಳುವಾಗ ಮಾಡಬಹುದಾದ ಪರೀಕ್ಷೆಗಳು

ಕಪ್ಪು ಪಾಲಿಥೀನ್ ಪೈಪಿನ ತುಂಡನ್ನು ಎರಡು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಅಂಟಿದ ಗುಳ್ಳೆ ಒರೆಸಿ ಬಿಡಿ. ಸರಿಯಾದ ಎಚ್‌ಡಿಪಿಇ ಪೈಪಿನ ಸಾಂದ್ರತೆ 0.95-0.96, ತೇಲಲೇಬೇಕು. ಮುಳುಗಿದರೆ ಸುಣ್ಣದ ಪುಡಿ ತೂಕದ ಶೇ 7ರ ಆಸುಪಾಸು ಅಥವಾ ಹೆಚ್ಚು ಎಂದರ್ಥ. ಟಾರ್ಪಾಲಿನ ತುಂಡು ಮುಳುಗಿದರೆ ಇನ್ನೂ ಹೆಚ್ಚು, ಏಕೆಂದರೆ ಅದರ ಪ್ಲಾಸ್ಟಿಕ್ ಇನ್ನೂ ಹಗುರ. ತೇಲಿದ ಮಾತ್ರಕ್ಕೆ ಕಾರ್ಬನ್ ಸರಿಯಿದೆ ಎಂದಾಗುವುದಿಲ್ಲ.

ಪಿವಿಸಿ ಹೇಗಿದ್ದರೂ ಮುಳುಗುತ್ತದೆ, ಅದಕ್ಕೆ ಬೇರೆ ದಾರಿ. ತುಂಡನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ತುಂಡನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಆಗ ಬರುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಐಎಸ್ 4985 ಪ್ರಕಾರ ಅದು 1.40ರಿಂದ 1.46ರ ಒಳಗಿರಬೇಕು. 100 ಕಿಲೋ ಪಿವಿಸಿಗೆ 40 ಕಿಲೋ ಸುಣ್ಣದ ಪುಡಿ ಸೇರಿಸಿದ ಪೈಪು 1.6 ತೋರಿಸುತ್ತದೆ.

ಟಾರ್ಪಾಲನ್ನು ಗಟ್ಟಿಯಾಗಿ ಮಡಿಸಿದಾಗ ಅಚ್ಚ ಬಿಳಿ ಗೆರೆ ಉಳಿದರೆ ಫಿಲ್ಲರ್ ಜಾಸ್ತಿ ಎಂಬ ಅನುಮಾನ ಬರಬೇಕು. 18×24 ಅಡಿಯದು ಸುಮಾರು 40 ಚದರ ಮೀಟರ್. 250 ಜಿಎಸ್‌ಎಂ ಎಂದು ಬರೆದಿದ್ದರೆ 10 ಕಿಲೋ ತೂಗಬೇಕು. ಐಎಸ್‌ಐ ಗುರುತಿನ ಜೊತೆ ಅಚ್ಚಾಗಿರುವ ಸಿಎಂ/ಎಲ್ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಮಾನಕದ ಸಂಖ್ಯೆ ಬರೆಸಿಕೊಳ್ಳಿ. ಪೈಪು ಒಡೆದ ದಿನ ದೂರು ಕೊಡಲು ಆಧಾರ ಅದೊಂದೇ.

ಕಾರ್ಬನ್ ಬ್ಲ್ಯಾಕಿನ ಪ್ರಮಾಣ, ಹರಡುವಿಕೆ, ಬೂದಿಯ ಅಂಶ (ಸುಟ್ಟ ಮೇಲೆ ಉಳಿಯುವ ಫಿಲ್ಲರ್) ಇವು ಮನೆಯಲ್ಲಿ ಅಳೆಯುವಂಥವಲ್ಲ. ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ಪ್ರಯೋಗಾಲಯ ಶುಲ್ಕ ಪಡೆದು ಪರೀಕ್ಷಿಸಿ ವರದಿ ಕೊಡುತ್ತದೆ. ಒಬ್ಬ ರೈತನಿಗೆ ಅದು ಹೊರೆ. ಒಂದೇ ಸಲ ಹತ್ತಾರು ಎಕರೆಗೆ ಡ್ರಿಪ್ ಕೊಳ್ಳುವ ರೈತ ಉತ್ಪಾದಕ ಕಂಪನಿ, ಸಹಕಾರ ಸಂಘಗಳು ಹಣ ಪಾವತಿಸುವ ಮೊದಲು ಪ್ರತಿ ಲಾಟಿನಿಂದ ಒಂದು ಮೀಟರ್ ತುಂಡು ಕಳುಹಿಸಿ, ವರದಿ ಬಂದ ಮೇಲೆ ಬಾಕಿ ಕೊಡುತ್ತೇವೆ ಎಂದು ಖರೀದಿ ಪತ್ರದಲ್ಲೇ ಬರೆಸಬಹುದು.